ಬೆಳಕು ಬೇಡದ ಹವಳಗಳನ್ನು ಸಾಕುವುದು: ಉಣಿಸುವ ಕ್ರಮ, ಫಾಸ್ಫೇಟ್ ಹೊರಹಾಕುವ ಲೆಕ್ಕ

ರೀಫ್ ಟ್ಯಾಂಕುಗಳಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ತೊಟ್ಟಿಗಳಲ್ಲಿ, ಸಾಮಾನ್ಯವಾಗಿ ಕಾಣುವ ಹವಳಗಳ ಮೈಯೊಳಗೆ ಝೂಕ್ಸಾಂಥೆಲೆ ಎಂಬ ಸೂಕ್ಷ್ಮ ಪಾಚಿ ಇರುತ್ತದೆ. ದೀಪ ಉರಿದರೆ ಪಾಚಿ ಸಕ್ಕರೆ ತಯಾರಿಸುತ್ತದೆ, ಹವಳದ ಹೊಟ್ಟೆ ಬಹುಪಾಲು ಅದರಿಂದಲೇ ತುಂಬುತ್ತದೆ. ಕಿತ್ತಳೆ ಬಣ್ಣದ ಸನ್ ಕೋರಲ್, ಡೆಂಡ್ರೋಫಿಲಿಯಾ, ಚಿಲಿ ಕೋರಲ್, ಕಾರ್ನೇಷನ್ ಕೋರಲ್, ಸ್ವಿಫ್ಟಿಯಾದಂಥ ಗೋರ್ಗೋನಿಯನ್‌ಗಳಲ್ಲಿ (ಸಮುದ್ರ ಬೀಸಣಿಗೆಗಳ ಗುಂಪಿನವು) ಈ ಪಾಚಿ ಇಲ್ಲ. ಸಮುದ್ರದಲ್ಲಿ ಇವು ಗುಹೆಗಳ ಬಾಯಲ್ಲಿ, ಬಂಡೆಯ ಚಾಚುಗಳ ಅಡಿಯಲ್ಲಿ, ಆಳದ ಮಬ್ಬಿನಲ್ಲಿ ಬೆಳೆಯುತ್ತವೆ. ಪ್ರವಾಹ ಹೊತ್ತು ತರುವ ಪ್ಲಾಂಕ್ಟನ್, ಅಂದರೆ ತೇಲುವ ಸೂಕ್ಷ್ಮ ಜೀವಿಗಳೇ, ಇವಕ್ಕೆ ಊಟ. ಟ್ಯಾಂಕಿನಲ್ಲಿ ಆ ಊಟವನ್ನು ನೀವೇ ಹಾಕಬೇಕು, ತಪ್ಪದೆ ಹಾಕಬೇಕು.

ಕಷ್ಟ ಇರುವುದು ಊಟ ಹಾಕುವುದರಲ್ಲಲ್ಲ. ಹಾಕಿದ ಊಟದ ಬಹುಭಾಗ ನೀರಿನಲ್ಲೇ ಉಳಿದು ನೈಟ್ರೇಟ್, ಫಾಸ್ಫೇಟ್ ಆಗುತ್ತದೆ. ಅದಕ್ಕೆ ಹೆದರಿ ಊಟ ಕಡಿಮೆ ಮಾಡಿದರೆ ಹವಳ ತಿಂಗಳುಗಟ್ಟಲೆ ನಿಧಾನವಾಗಿ ಹಸಿದು ಸಾಯುತ್ತದೆ. ಹಾಗಾಗಿ ಈ ಹವಳಗಳ ಟ್ಯಾಂಕನ್ನು ತ್ಯಾಜ್ಯ ಹೊರಹಾಕುವ ಕಡೆಯಿಂದ ಶುರು ಮಾಡಿ ಕಟ್ಟಬೇಕು. ಹವಳ ಕೊನೆಗೆ ಬರಲಿ.

ಕೊಳ್ಳುವ ಮುನ್ನ ಕಾನೂನು

ಭಾರತದಲ್ಲಿ ಕಲ್ಲು ಹವಳಗಳೆಲ್ಲ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ, ಆನೆ ಇರುವುದೂ ಅದೇ ಪಟ್ಟಿಯಲ್ಲಿ. ಸನ್ ಕೋರಲ್ ಕೂಡ ಕಲ್ಲು ಹವಳವೇ. ನೇತ್ರಾಣಿಯಲ್ಲಾಗಲಿ ಲಕ್ಷದ್ವೀಪದಲ್ಲಾಗಲಿ ಒಂದು ತುಂಡು ಮುರಿದು ತಂದರೂ ಅಪರಾಧ. ಅಂಗಡಿಯವರು 'ಇದು ಇಂಪೋರ್ಟ್ ಮಾಲು' ಎಂದಷ್ಟಕ್ಕೆ ನಂಬಬೇಡಿ. ಕಲ್ಲು ಹವಳಗಳು ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿರುವುದರಿಂದ ಆಮದಿಗೂ ಪರವಾನಗಿ ಬೇಕು. ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಮುಂದೆ ಹೋಗಬೇಡಿ.

ಆದ್ದರಿಂದ ಹವಳ ಸಾಕುವ ಭಾಗ ಹೆಚ್ಚಾಗಿ ಉಪಯೋಗಕ್ಕೆ ಬರುವುದು ಅಮೆರಿಕ, ಬ್ರಿಟನ್, ಜರ್ಮನಿ, ಸಿಂಗಪುರದಂಥ ಕಡೆ ಕಾನೂನುಬದ್ಧ ಮಾರುಕಟ್ಟೆ ಇರುವಲ್ಲಿ ನೆಲೆಸಿದ ಕನ್ನಡಿಗರಿಗೆ. ಪೋಷಕಾಂಶದ ಲೆಕ್ಕ ಮಾತ್ರ ಯಾವ ಉಪ್ಪುನೀರಿನ ಟ್ಯಾಂಕಿಗೂ ಅನ್ವಯಿಸುತ್ತದೆ, ಬರೀ ಮೀನು ಸಾಕುವವರಿಗೂ.

ಯಾವ ಹವಳದಿಂದ ಶುರು?

ಟ್ಯೂಬಾಸ್ಟ್ರಿಯಾ, ಅಂದರೆ ಸನ್ ಕೋರಲ್‌ನಿಂದ. ಇದರ ಪಾಲಿಪ್‌ಗಳು (ಹವಳದ ಒಂದೊಂದು ಬಾಯಿಯ ಜೀವಿ) ದೊಡ್ಡವು, ಮೈಸಿಸ್ ಎಂಬ ಪುಟ್ಟ ಸೀಗಡಿಯನ್ನು ಇಡಿಯಾಗಿ ನುಂಗುತ್ತವೆ. ಯಾವ ಬಾಯಿಗೆ ಊಟ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂದು ಕಣ್ಣಿಗೆ ಕಾಣುತ್ತದೆ. ಡೆಂಡ್ರೋಫಿಲಿಯಾ, ಬಲನೋಫಿಲಿಯಾ ಕೂಡ ಇದೇ ಗುಂಪಿನವು. ಕಪ್ಪು-ಹಸಿರು ಬಣ್ಣದ ಟ್ಯೂಬಾಸ್ಟ್ರಿಯಾ ಮೈಕ್ರಾಂಥಸ್‌ನ ಪಾಲಿಪ್ ಚಿಕ್ಕದು, ಅದಕ್ಕೆ ಊಟವೂ ಹೆಚ್ಚು ಸಲ ಬೇಕು. ಅದು ಎರಡನೇ ಮೆಟ್ಟಿಲು.

ಗೋರ್ಗೋನಿಯನ್‌ಗಳಲ್ಲಿ ಫ್ಲೋರಿಡಾ ಕಡೆಯ ಸ್ವಿಫ್ಟಿಯಾ ಎಕ್ಸರ್ಟಾ ಎಲ್ಲಕ್ಕಿಂತ ಸುಲಭ. ಚೂರು ಮಾಡಿದ ಮೈಸಿಸ್ಸನ್ನೂ ಹಿಡಿಯುತ್ತದೆ. ಡಿಯೋಡೋಗೋರ್ಗಿಯಾ, ಮೆನೆಲ್ಲಾಗಳಿಗೆ ಸಣ್ಣ ಕಾಳಿನ ಆಹಾರವೇ ಬೇಕು.

ಡೆಂಡ್ರೋನೆಫ್ತಿಯಾ, ಸ್ಕ್ಲೆರೋನೆಫ್ತಿಯಾ ಎಂಬ ಕಾರ್ನೇಷನ್ ಹವಳಗಳು ಅಂಗಡಿಯಲ್ಲಿ ಎಲ್ಲಕ್ಕಿಂತ ಚೆಂದ ಕಾಣುತ್ತವೆ, ಮನೆಯಲ್ಲಿ ಎಲ್ಲಕ್ಕಿಂತ ಬೇಗ ಕುಗ್ಗುತ್ತವೆ. ಕೆಂಪು ಸಮುದ್ರದ ಡೆಂಡ್ರೋನೆಫ್ತಿಯಾ ಬದುಕುವುದು ಮುಖ್ಯವಾಗಿ ಸಸ್ಯ ಪ್ಲಾಂಕ್ಟನ್ ತಿಂದು ಎಂದು ಫ್ಯಾಬ್ರಿಸಿಯಸ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಅಂದರೆ ಕೆಲವೇ ಮೈಕ್ರಾನ್ ಗಾತ್ರದ ಜೀವಕೋಶಗಳು ಹಗಲೂ ರಾತ್ರಿ ನೀರಿನಲ್ಲಿ ತೇಲುತ್ತಿರಬೇಕು. ದಿನಕ್ಕೊಮ್ಮೆ ಒಂದು ಮುಚ್ಚಳ ಸುರಿದರೆ ನಡೆಯುವುದಿಲ್ಲ. ಸನ್ ಕೋರಲನ್ನು ಒಂದು ವರ್ಷ ಬೆಳೆಸಿ ತೋರಿಸುವವರೆಗೆ ಇವುಗಳ ತಂಟೆಗೆ ಹೋಗಬೇಡಿ.

ಒಂದು ಚಮಚ ಮೈಸಿಸ್ ನೀರಿಗೆ ಏನು ಸೇರಿಸುತ್ತದೆ

250 ಲೀಟರ್ ನಿಜವಾದ ನೀರಿರುವ ಟ್ಯಾಂಕ್ ಎಂದುಕೊಳ್ಳಿ (ಕೆಳಗಿನ ಫಿಲ್ಟರ್ ತೊಟ್ಟಿ, ಅಂದರೆ ಸಂಪ್, ಸೇರಿಸಿ; ಕಲ್ಲು ಕಳೆದು). ದಿನಕ್ಕೆ 5 ಗ್ರಾಂ ಫ್ರೋಜನ್ ಮೈಸಿಸ್ ಹಾಕುತ್ತೀರಿ. ಅದರಲ್ಲಿ ಬಹುಪಾಲು ನೀರು. ಪ್ರೋಟೀನ್ 10 ಶೇಕಡಾ ಎಂದು ಹಿಡಿದರೆ ಅರ್ಧ ಗ್ರಾಂ. ಪ್ರೋಟೀನನ್ನು 6.25ರಿಂದ ಭಾಗಿಸಿದರೆ ನೈಟ್ರೋಜನ್: 80 ಮಿಲಿಗ್ರಾಂ. ಅದೆಲ್ಲ ನೈಟ್ರೇಟ್ ಆದರೆ 4.43 ಪಟ್ಟು, ಸುಮಾರು 354 ಮಿಲಿಗ್ರಾಂ. 250 ಲೀಟರಿಗೆ ಹಂಚಿದರೆ 1.4 ಪಿಪಿಎಂ (ಲೀಟರಿಗೆ ಮಿಲಿಗ್ರಾಂ).

ಫಾಸ್ಫರಸ್ 0.15 ಶೇಕಡಾ ಎಂದು ಹಿಡಿಯಿರಿ. 7.5 ಮಿಲಿಗ್ರಾಂ ಆಯಿತು, ಫಾಸ್ಫೇಟ್ ಲೆಕ್ಕದಲ್ಲಿ 23 ಮಿಲಿಗ್ರಾಂ. 250 ಲೀಟರಿಗೆ ಹಂಚಿದರೆ 0.09 ಪಿಪಿಎಂ. ಪ್ಯಾಕೆಟ್ಟಿನ ಮೇಲಿನ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿ ಲೆಕ್ಕ ಮಾಡಿ.

ಈಗ ಇವೆರಡನ್ನು ಗುರಿಯ ಪಕ್ಕದಲ್ಲಿಡಿ. ನೈಟ್ರೇಟ್ 10 ಪಿಪಿಎಂ ಸುತ್ತ ಇರಲಿ ಎಂದರೆ ದಿನದ ಸೇರ್ಪಡೆ ಅದರ ಏಳನೇ ಒಂದು ಭಾಗ. ಫಾಸ್ಫೇಟ್ 0.05 ಇರಲಿ ಎಂದರೆ ಒಂದೇ ದಿನದ ಊಟ ಗುರಿಯ ಹೆಚ್ಚುಕಡಿಮೆ ಎರಡು ಪಟ್ಟು! ಇನ್ನೊಂದು ವ್ಯತ್ಯಾಸವೂ ಇದೆ. ಕಲ್ಲಿನ ಒಳಪದರಗಳಲ್ಲಿ ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೋಜನ್ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಫಾಸ್ಫರಸ್‌ಗೆ ಅಂಥ ದಾರಿ ಇಲ್ಲ. ಯಾವುದಾದರೊಂದು ರೂಪದಲ್ಲಿ, ಸ್ಕಿಮ್ಮರಿನ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಕಪ್ಪು ನೀರಾಗಿಯೋ ಕತ್ತರಿಸಿದ ಪಾಚಿಯಾಗಿಯೋ ಫಾಸ್ಫೇಟ್ ಹೀರುವ ಕಬ್ಬಿಣದ ಹರಳಿಗೆ ಅಂಟಿಯೋ, ಅದನ್ನು ಹೊತ್ತು ಹೊರಗೆ ಹಾಕಬೇಕು. ಇಂಥ ಟ್ಯಾಂಕುಗಳಲ್ಲಿ ಮೊದಲು ಕೈಮೀರುವುದು ಯಾವಾಗಲೂ ಫಾಸ್ಫೇಟೇ.

ನೀರು ಬದಲಾಯಿಸಿದರೆ ಸಾಕಲ್ಲವೇ? ಸಾಲದು. ಸ್ಕಿಮ್ಮರ್ ಮತ್ತು ಹವಳದ ಹೊಟ್ಟೆ ಸೇರಿ ಅರ್ಧ ತೆಗೆದರೂ ವಾರಕ್ಕೆ 5 ಪಿಪಿಎಂ ನೈಟ್ರೇಟ್, 0.3 ಪಿಪಿಎಂ ಫಾಸ್ಫೇಟ್ ಉಳಿಯುತ್ತದೆ. ವಾರಕ್ಕೆ 10 ಶೇಕಡಾ ನೀರು ಬದಲಿಸುವವರ ಟ್ಯಾಂಕಿನಲ್ಲಿ ಮಟ್ಟ ಏರುತ್ತಾ ಹೋಗಿ ವಾರದ ಸೇರ್ಪಡೆಯ ಹತ್ತು ಪಟ್ಟಿನಲ್ಲಿ ನಿಲ್ಲುತ್ತದೆ: ನೈಟ್ರೇಟ್ 50, ಫಾಸ್ಫೇಟ್ 3. ಶೇಕಡಾ 20 ಬದಲಿಸಿದರೆ ಐದು ಪಟ್ಟು. ಉಪ್ಪಿಗೆ ಸುರಿದ ಹಣ ಅಷ್ಟೇ.

ಒಂದು ಮಾತು ಸ್ಪಷ್ಟವಾಗಿರಲಿ. ಬೆಳಕು ಬೇಡದ ಹವಳಗಳಿಗೆ 20–30 ಪಿಪಿಎಂ ನೈಟ್ರೇಟ್ ನೇರವಾಗಿ ವಿಷವೇನಲ್ಲ. ತೊಂದರೆ ಸುತ್ತಿ ಬರುತ್ತದೆ. ಪೋಷಕಾಂಶ ಹೆಚ್ಚಾದಲ್ಲಿ ಪಾಚಿ, ಸಯನೋಬ್ಯಾಕ್ಟೀರಿಯಾ ಹವಳದ ಅಸ್ಥಿಯ ಬರಿಯ ಭಾಗದಲ್ಲಿ ಕೂತು ಮಾಂಸದ ಅಂಚನ್ನು ತಳ್ಳುತ್ತಾ ಬರುತ್ತವೆ. ಕುಟುಕುವ ಕಳೆ ಜೀವಿಗಳಾದ ಹೈಡ್ರಾಯ್ಡ್, ಐಪ್ಟೇಸಿಯಾಗಳು ಹವಳದ ಊಟದಲ್ಲೇ ಕೊಬ್ಬುತ್ತವೆ. ಅದೇ ಟ್ಯಾಂಕಿನಲ್ಲಿ ಬೆಳಕು ಬೇಕಾದ ಅಕ್ರೊಪೋರಾ ಹವಳ ಇದ್ದರಂತೂ ಅದು ಬಣ್ಣಗೆಡುತ್ತದೆ. ಆದ್ದರಿಂದ ಈ ಹವಳಗಳಿಗೆ ಪ್ರತ್ಯೇಕ ಟ್ಯಾಂಕ್ ಇಟ್ಟು ನೈಟ್ರೇಟ್ 5–15, ಫಾಸ್ಫೇಟ್ 0.05–0.1ರ ನಡುವೆ ಇಟ್ಟುಕೊಳ್ಳುವುದು ನೆಮ್ಮದಿಯ ದಾರಿ. ಎರಡನ್ನೂ ಸೊನ್ನೆಗೆ ಇಳಿಸಲು ಹೋಗಬೇಡಿ.

ಟ್ಯಾಂಕ್ ಕಟ್ಟುವ ಕ್ರಮ

1. ನೀರು. ಆರ್‌ಒ ಮತ್ತು ಡಿಐ (ಅಯಾನು ಹೀರುವ ರೆಸಿನ್) ಎರಡೂ ದಾಟಿದ, ಟಿಡಿಎಸ್ (ಕರಗಿದ ಲವಣಗಳ ಅಳತೆ) 0 ತೋರಿಸುವ ನೀರೇ ಬೇಕು. ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರದಲ್ಲಿ ಟಿಡಿಎಸ್ ಕಂಟ್ರೋಲರ್ ಇದ್ದರೆ ಅದು ರುಚಿಗಾಗಿ ಶುದ್ಧ ನೀರಿಗೆ ಮತ್ತೆ ಸ್ವಲ್ಪ ಹಸಿ ನೀರು ಬೆರೆಸುತ್ತದೆ. ಅದನ್ನು ಪೂರ್ತಿ ಮುಚ್ಚಿ, ಮುಂದೆ ಒಂದು ಡಿಐ ರೆಸಿನ್ ಕೊಳವೆ ಸೇರಿಸಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ರೆಸಿನ್ ಬೇಗ ಮುಗಿಯುತ್ತದೆ. ಮೀಟರ್ 1 ತೋರಿಸಿದ ದಿನವೇ ಬದಲಿಸಿ, ಏಕೆಂದರೆ ಮುಗಿದ ರೆಸಿನ್ ಮೊದಲು ಬಿಟ್ಟುಕೊಡುವುದು ಸಿಲಿಕೇಟಿನಂಥ ಸಡಿಲವಾಗಿ ಅಂಟಿದ್ದನ್ನು.

2. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಂದರೆ ಸಾಂದ್ರತೆ 1.026. ಅಲ್ಕಲಿನಿಟಿ 8–9 ಡಿಕೆಎಚ್ (ಕಾರ್ಬೋನೇಟ್ ಗಡಸುತನದ ಅಳತೆ), ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300–1350 ಪಿಪಿಎಂ. ಸನ್ ಕೋರಲ್ ಅಸ್ಥಿ ಕಟ್ಟುತ್ತದೆ, ಹಾಗಾಗಿ ಇವೂ ಮುಖ್ಯ. ಆದರೆ ಬಳಕೆ ನಿಧಾನ.

3. ಉಷ್ಣತೆ 24–25 ಡಿಗ್ರಿ. ಸ್ವಿಫ್ಟಿಯಾಗೆ 22–24 ಇನ್ನೂ ಹಿತ. 28 ದಾಟಿದರೆ ಹವಳಕ್ಕೆ ಹಸಿವೂ ಹೆಚ್ಚು, ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಕೊಳೆಯುವ ಆಹಾರ ಇರುವ ಟ್ಯಾಂಕಿನಲ್ಲಿ ಇದು ಕೆಟ್ಟ ಜೋಡಿ. ಬೇಸಿಗೆಯಲ್ಲಿ ಫ್ಯಾನ್ ಎರಡು-ಮೂರು ಡಿಗ್ರಿ ಇಳಿಸುತ್ತದೆ, ಆವಿಯಾದ ನೀರನ್ನು ತುಂಬುವ ಆಟೋ ಟಾಪ್-ಅಪ್ ಜೊತೆಗಿರಬೇಕು. ಅದಕ್ಕೂ ಬಗ್ಗದಿದ್ದರೆ ಚಿಲ್ಲರ್.

4. ತಳ ಬರಿದಾಗಿರಲಿ. ಮರಳು ಚೆಂದ, ಆದರೆ ಈ ಟ್ಯಾಂಕಿನಲ್ಲಿ ಅದು ತಿನ್ನದ ಆಹಾರದ ಗೋದಾಮು. ಕಲ್ಲುಗಳನ್ನು ಕಮಾನಿನಂತೆ ಜೋಡಿಸಿ, ಅಡಿಯಲ್ಲಿ ನೀರು ಓಡಾಡಲಿ. ಹವಳಗಳನ್ನು ಚಾಚಿನ ಅಡಿಯಲ್ಲಿ ತಲೆಕೆಳಗಾಗಿ ಕೂರಿಸಲೂ ಜಾಗ ಸಿಗುತ್ತದೆ.

5. ಹರಿವು. ಗಂಟೆಗೆ ಟ್ಯಾಂಕಿನ 20–30 ಪಟ್ಟು. ಪಂಪಿನ ಬಾಯಿ ನೇರ ಹವಳಕ್ಕೆ ತಾಗದಿರಲಿ. ಒಂದು ಹನಿ ಕರಗಿಸಿದ ಆಹಾರ ಬಿಟ್ಟು ನೋಡಿ: ಹವಳದ ಮುಂದೆ 30 ಸೆಂಟಿಮೀಟರ್ ದಾಟಲು ಎರಡು-ಮೂರು ಸೆಕೆಂಡ್ ಹಿಡಿದರೆ ಸರಿ.

6. ಸ್ಕಿಮ್ಮರ್. ಡಬ್ಬದ ಮೇಲೆ ಬರೆದ ಸಾಮರ್ಥ್ಯ ಟ್ಯಾಂಕಿನ ಎರಡು ಪಟ್ಟಾದರೂ ಇರಬೇಕು. 250 ಲೀಟರಿಗೆ 500–600 ಲೀಟರಿನದು. ಇಡೀ ಪಟ್ಟಿಯಲ್ಲಿ ಹಣ ಉಳಿಸಬಾರದ ಜಾಗ ಇದೊಂದೇ. ಅದರ ಬಟ್ಟಲಿನಲ್ಲಿ ದಪ್ಪ ಕಪ್ಪು ಕೆಸರಿಗಿಂತ ತೆಳ್ಳಗಿನ ಚಹಾ ಬಣ್ಣದ ನೀರು ಬರುವಂತೆ ಮಟ್ಟ ಇಡಿ. ದಿನದಲ್ಲಿ ಹೊರಬೀಳುವ ಒಟ್ಟು ಕೊಳೆ ಹೀಗೆ ಹೆಚ್ಚು.

7. ಬಟ್ಟೆ ಫಿಲ್ಟರ್ ಅಥವಾ ರೋಲರ್. 200 ಮೈಕ್ರಾನ್ ಚೀಲವಾದರೆ ಎರಡು-ಮೂರು ದಿನಕ್ಕೊಮ್ಮೆ ಬದಲಿಸಿ. ಬದಲಿಸದ ಚೀಲದಲ್ಲಿ ಆಹಾರ ಕೊಳೆಯುತ್ತದೆ, ಹಿಡಿದದ್ದೆಲ್ಲ ಕರಗಿ ಮತ್ತೆ ನೀರಿಗೇ ಬರುತ್ತದೆ. ವಾರಕ್ಕೊಮ್ಮೆ ತೊಳೆಯುವವರು ಚೀಲ ಹಾಕದಿರುವುದೇ ವಾಸಿ.

8. ಸಂಪಿನಲ್ಲಿ ಕೀಟೋಮಾರ್ಫಾ ಪಾಚಿಗೊಂದು ಕೋಣೆ, ಮೇಲೆ ಜೋರು ಬೆಳಕಿನ ದೀಪ, ರಾತ್ರಿ 12–16 ಗಂಟೆ. ಟ್ಯಾಂಕಿನ ದೀಪ ಆರಿದಾಗ ಇದು ಉರಿದರೆ ರಾತ್ರಿಯ ಪಿಎಚ್ ಕುಸಿತವೂ ತಗ್ಗುತ್ತದೆ.

ಮುಖ್ಯ ಟ್ಯಾಂಕಿನ ದೀಪ ನೋಡಲು ಬೇಕಾದಷ್ಟೇ ಇರಲಿ. ಮಂದ ನೀಲಿ, ನಾಲ್ಕೈದು ಗಂಟೆ. ಬೆಳಕು ಹವಳವನ್ನು ಕೊಲ್ಲುವುದಿಲ್ಲ, ಅದರ ಪಕ್ಕದಲ್ಲಿ ಪಾಚಿ ಬೆಳೆಸುತ್ತದೆ.

ಮೀನು ಒಂದೆರಡು ಸಣ್ಣವಿದ್ದರೆ ಸಾಕು, ಇಲ್ಲದಿದ್ದರೂ ನಡೆಯುತ್ತದೆ. ಕ್ಲೀನರ್ ಸೀಗಡಿ, ಪೆಪ್ಪರ್‌ಮಿಂಟ್ ಸೀಗಡಿಗಳನ್ನು ಸೇರಿಸಬೇಡಿ. ಪಾಲಿಪ್ಪಿನ ಬಾಯೊಳಗೆ ಕೈಹಾಕಿ ಮೈಸಿಸ್ ಎಳೆದು ತಿನ್ನುವ ಕಳ್ಳರು ಅವು.

ಹವಳವಿಲ್ಲದೆ ಒಂದು ತಿಂಗಳು ಊಟ

ಸೈಕಲ್ (ಹೊಸ ಟ್ಯಾಂಕಿನಲ್ಲಿ ತ್ಯಾಜ್ಯ ಅರಗಿಸುವ ಬ್ಯಾಕ್ಟೀರಿಯಾ ನೆಲೆಸುವ ಅವಧಿ) ಮುಗಿದು ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಬಂದ ಮೇಲೂ ಹವಳ ತರಬೇಡಿ. ಮುಂದೆ ಎಷ್ಟು ಆಹಾರ ಹಾಕಬೇಕೆಂದಿದ್ದೀರೋ ಅದರ ಕಾಲು ಭಾಗದಿಂದ ಶುರು ಮಾಡಿ, ವಾರವಾರ ಏರಿಸುತ್ತಾ ನಾಲ್ಕನೇ ವಾರ ಪೂರ್ತಿ ಪ್ರಮಾಣ ಹಾಕಿ. ಖಾಲಿ ಟ್ಯಾಂಕಿಗೆ ಊಟ ಹಾಕುವುದು ವಿಚಿತ್ರವೆನಿಸುತ್ತದೆ, ಆದರೆ ಬ್ಯಾಕ್ಟೀರಿಯಾ, ಹುಳುಗಳು, ಕೋಪಿಪಾಡ್‌ಗಳು ಆ ಹೊರೆಗೆ ತಕ್ಕಂತೆ ಬೆಳೆಯುವುದು ಹೀಗೆ ಮಾತ್ರ. ಮೂರು ದಿನಕ್ಕೊಮ್ಮೆ ನೈಟ್ರೇಟ್, ಫಾಸ್ಫೇಟ್ ಬರೆದಿಡಿ. ಕೊನೆಯ ವಾರದಲ್ಲಿ ಅಂಕಿ ಒಂದೇ ಕಡೆ ನಿಂತರೆ ಟ್ಯಾಂಕ್ ಸಿದ್ಧ. ಏರುತ್ತಲೇ ಇದ್ದರೆ ಹೊರಹಾಕುವ ವ್ಯವಸ್ಥೆ ಸಾಲದು. ಈಗಲೇ ಸರಿಪಡಿಸಿ, ಸಾಯಲು ಯಾವ ಹವಳವೂ ಇನ್ನೂ ಒಳಗಿಲ್ಲ.

ಫಾಸ್ಫೇಟ್ ಅಳೆಯಲು ಬಣ್ಣ ಹೋಲಿಸುವ ಕಿಟ್ ಇಷ್ಟು ಕಡಿಮೆ ಮಟ್ಟದಲ್ಲಿ ಪ್ರಯೋಜನವಿಲ್ಲ. ಹ್ಯಾನ್ನಾ ಕಂಪನಿಯ ಅತಿ ಕಡಿಮೆ ಶ್ರೇಣಿಯ ಫಾಸ್ಫರಸ್ ಚೆಕರ್ ಸಾಕು. ಅದು ತೋರಿಸುವುದು ಫಾಸ್ಫರಸ್ಸನ್ನು, ಪಿಪಿಬಿಯಲ್ಲಿ. 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ ಸಿಗುತ್ತದೆ; 20 ತೋರಿಸಿದರೆ 0.06. ಗಾಜಿನ ಬಾಟಲಿಯ ಮೇಲೆ ಬೆರಳಚ್ಚು ಉಳಿದಿದ್ದರೆ ಅಂಕಿ ದಿಕ್ಕು ತಪ್ಪುತ್ತದೆ. ಒರೆಸಿಯೇ ಇಡಿ.

ಹವಳ ಆರಿಸುವುದು, ಕೂರಿಸುವುದು

ಸನ್ ಕೋರಲ್ ಅಂಗಡಿಯಲ್ಲಿ ಮುಚ್ಚಿಕೊಂಡೇ ಇರುತ್ತದೆ, ಅದನ್ನು ನೋಡಿ ಹಿಂಜರಿಯಬೇಡಿ. ನೋಡಬೇಕಾದದ್ದು ಪಾಲಿಪ್‌ಗಳ ನಡುವಿನ ಜಾಗ. ಅಲ್ಲೆಲ್ಲ ಕಿತ್ತಳೆ ಮಾಂಸ ಹೊದ್ದಿದ್ದರೆ ಆರೋಗ್ಯ. ನಡುವೆ ಬಿಳಿ ಅಸ್ಥಿ ಕಂಡರೆ ತಿಂಗಳುಗಳಿಂದ ಹಸಿದಿದೆ. ಬುಡದಲ್ಲಿ ಸ್ಪಂಜ್ ಅಂಟಿದ್ದು ಕೊಳೆತ ವಾಸನೆ ಬಂದರೆ ಬಿಟ್ಟುಬಿಡಿ.

ಟ್ಯಾಂಕಿಗೆ ಹಾಕುವ ಮುನ್ನ ಟಾರ್ಚ್ ಹಿಡಿದು ಬಿರುಕುಗಳನ್ನು ಹುಡುಕಿ. ಎಪಿಟೋನಿಯಂ ಬಿಲ್ಲಿಯಾನಂ ಎಂಬ ಹಳದಿ ಬಸವನಹುಳು ಹವಳದ ಬಣ್ಣವೇ ಹೊದ್ದು ಕೂತಿರುತ್ತದೆ, ಅದರ ಮೊಟ್ಟೆಗಳೂ ಹಳದಿ ಗೊಂಚಲು. ಫೆಸ್ಟಿಲ್ಲಾ ಮೆಲನೋಬ್ರಾಕಿಯಾ ಎಂಬ ಚಿಪ್ಪಿಲ್ಲದ ಹುಳುವೂ ಇದೇ ಹವಳವನ್ನು ತಿಂದು ಅದರ ಬಣ್ಣಕ್ಕೇ ತಿರುಗುತ್ತದೆ. ಚಿಮಟದಿಂದ ಎತ್ತಿ, ಮೊಟ್ಟೆಗಳನ್ನು ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆಯಿರಿ. ಹವಳವನ್ನು ಅದ್ದಿ ತೆಗೆಯುವ ಡಿಪ್ ದ್ರಾವಣ ಹುಳುವನ್ನು ಉದುರಿಸೀತು, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹಾಗಾಗಿ ಹತ್ತು ದಿನ ಬಿಟ್ಟು ಮತ್ತೊಮ್ಮೆ ಹುಡುಕಿ.

ಸನ್ ಕೋರಲನ್ನು ಕೈಗೆಟುಕುವ ಜಾಗದಲ್ಲಿ, ಅಂಟಿಸದೆ, ಎತ್ತಿಡಬಲ್ಲ ಕಲ್ಲಿನ ಮೇಲೆ ಇಡಿ. ಏಕೆಂದು ಮುಂದೆ ತಿಳಿಯುತ್ತದೆ. ಗೋರ್ಗೋನಿಯನ್ ಬೀಸಣಿಗೆಯಂತೆ ಚಪ್ಪಟೆಯಾಗಿದ್ದರೆ ಅದರ ಅಗಲ ಹರಿವಿಗೆ ಅಡ್ಡವಾಗಿರಲಿ. ಕಾಂಡದ ಬುಡದಲ್ಲಿ ಒಂದು ಸೆಂಟಿಮೀಟರ್ ಮಾಂಸ ಕೆರೆದು ಬರಿಯ ಅಸ್ಥಿಯನ್ನು ಎಪಾಕ್ಸಿಯಲ್ಲಿ ನೆಡಿ. ಮಾಂಸದ ಸುತ್ತ ಎಪಾಕ್ಸಿ ಒತ್ತಿದರೆ ಅಲ್ಲಿಂದಲೇ ಕೊಳೆ ಶುರು. ಚಿಲಿ ಕೋರಲನ್ನು ತಲೆಕೆಳಗಾಗಿ ನೇತುಹಾಕಿದರೆ ಮೇಲೆ ಕೆಸರು ಕೂರುವುದಿಲ್ಲ.

ಸನ್ ಕೋರಲ್‌ಗೆ ಬಾಯಿ ತೆರೆಯುವ ಅಭ್ಯಾಸ

ಹೊಸದಾಗಿ ಬಂದದ್ದು ವಾರಗಟ್ಟಲೆ ಮುಚ್ಚಿಕೊಂಡಿರಬಹುದು. ಹೀಗೆ ಮಾಡಿ.

ದೀಪ ಆರಿದ ಒಂದು ಗಂಟೆಯ ನಂತರ, ಪ್ರತಿದಿನ ಅದೇ ಹೊತ್ತಿಗೆ, ಮೈಸಿಸ್ ಕರಗಿಸಿದ ನೀರನ್ನು 2–3 ಮಿ.ಲೀ. ಹವಳದ ಮೇಲೆ ಪಿಪೆಟ್ಟಿನಿಂದ ಬಿಡಿ. ಪಂಪುಗಳನ್ನು ನಿಲ್ಲಿಸಿ 15–20 ನಿಮಿಷ ಕಾಯಿರಿ. ವಾಸನೆ ಹತ್ತಿದ ಪಾಲಿಪ್‌ಗಳು ಉಬ್ಬಿ ಎಳೆಗಳ ತುದಿ ತೋರಿಸುತ್ತವೆ. ತುದಿ ಕಂಡ ಬಾಯಿಗೆ ಒಂದು ಸಣ್ಣ ಚೂರು ಮುಟ್ಟಿಸಿ. ಒಂದೂ ತೆರೆಯದಿದ್ದರೆ ಬಲವಂತ ಬೇಡ, ನಾಳೆ ಅದೇ ಹೊತ್ತಿಗೆ ಮತ್ತೆ.

ಕರಗಿಸಿದ ನೀರು ಇಷ್ಟೇ ಸಾಕು. ಉಳಿದದ್ದನ್ನು ಸಿಂಕಿಗೆ ಚೆಲ್ಲಿ, ಮೈಸಿಸ್ಸನ್ನು ಜಾಲರಿಯಲ್ಲಿ ಆರ್‌ಒ ನೀರಿನಲ್ಲಿ ತೊಳೆದು ಬಳಸಿ. ಆ ನೀರಿನಲ್ಲಿ ಕರಗಿದ ಫಾಸ್ಫೇಟ್ ಇದೆ, ಹವಳಕ್ಕೆ ಅದರಿಂದ ಲಾಭವಿಲ್ಲ.

ವಾರದೊಳಗೆ ಒಂದೆರಡು ಪಾಲಿಪ್ ತೆರೆದರೂ ಸಾಕು. ಎರಡು ಲೀಟರ್ ಸೋಡಾ ಬಾಟಲಿಯ ಮೇಲರ್ಧ ಕತ್ತರಿಸಿ ಹವಳದ ಮೇಲೆ ಕವುಚಿ, ಬಾಯಿಯಿಂದ ಪಿಪೆಟ್ ಇಳಿಸಿ ಆಹಾರ ಬಿಟ್ಟು 20–30 ನಿಮಿಷ ಹಾಗೇ ಬಿಡಿ. ಆಹಾರ ಚದುರುವುದಿಲ್ಲ, ಕಳ್ಳರೂ ಬರುವುದಿಲ್ಲ. ತೆರೆಯುವುದು ರೂಢಿಯಾದ ಮೇಲೆ ದಿನಕ್ಕೆ ಅರ್ಧ ಗಂಟೆಯಂತೆ ಹೊತ್ತನ್ನು ಹಿಂದಕ್ಕೆ ತಂದು ಸಂಜೆ ದೀಪವಿರುವಾಗಲೇ ಉಣಿಸಬಹುದು.

ಪ್ರಮಾಣ: ಪ್ರತಿ ಪಾಲಿಪ್ಪಿಗೆ ಒಂದೆರಡು ಮೈಸಿಸ್, ವಾರಕ್ಕೆ ಕನಿಷ್ಠ ಮೂರು ಸಲ. ಹಸಿದು ಬಂದದ್ದಕ್ಕೆ ಮೊದಲ ಎರಡು ತಿಂಗಳು ದಿನಾ. ಒಂದು ಪಾಲಿಪ್ ತಿಂದದ್ದು ಪಕ್ಕದ್ದಕ್ಕೆ ಚೆನ್ನಾಗಿ ಹಂಚಿಕೆಯಾಗುತ್ತದೆ ಎಂದು ನಂಬಿಕೊಂಡು ಮೂಲೆಯವುಗಳನ್ನು ಮರೆಯಬೇಡಿ. ಸಾಯುವುದು ಮೂಲೆಯವೇ. ದೊಡ್ಡ ಕ್ರಿಲ್ ತುಂಡು ಕೊಟ್ಟರೆ ಕೆಲವೊಮ್ಮೆ ರಾತ್ರಿಯೆಲ್ಲ ಹಿಡಿದು ಬೆಳಗ್ಗೆ ಉಗುಳುತ್ತದೆ. ಚಿಕ್ಕದಾಗಿ ಹೆಚ್ಚಿ ಕೊಡಿ.

ಅಂಟಿಸದೆ ಇಡಿ ಎಂದದ್ದು ಇದಕ್ಕಾಗಿ: ಹವಳವನ್ನು ಟ್ಯಾಂಕಿನದೇ ನೀರು ತುಂಬಿದ ಎರಡು-ಮೂರು ಲೀಟರ್ ಡಬ್ಬಕ್ಕೆ ಎತ್ತಿಟ್ಟು ಅಲ್ಲೇ ಉಣಿಸಬಹುದು. ಒಂದು ಗಂಟೆಯ ನಂತರ ಹವಳ ಮಾತ್ರ ಟ್ಯಾಂಕಿಗೆ, ಡಬ್ಬದ ನೀರು ಚರಂಡಿಗೆ. ತಿನ್ನದೆ ಬಿಟ್ಟ ಆಹಾರ ಟ್ಯಾಂಕಿಗೆ ಬರುವುದೇ ಇಲ್ಲ, ವಾರದ ನೀರು ಬದಲಾವಣೆಯೂ ಅದರಲ್ಲೇ ಅಷ್ಟಿಷ್ಟು ಮುಗಿಯುತ್ತದೆ. ಟ್ಯೂಬಾಸ್ಟ್ರಿಯಾ ಕ್ಷಣಕಾಲ ಗಾಳಿಗೆ ಬಂದರೆ ತಡೆಯುತ್ತದೆ, ಅದಕ್ಕಂಟಿದ ಸ್ಪಂಜ್ ತಡೆಯುವುದಿಲ್ಲ. ಸ್ಪಂಜ್ ಇದ್ದರೆ ನೀರಿನೊಳಗೇ ಡಬ್ಬಕ್ಕೆ ಸರಿಸಿ ಎತ್ತಿ. ಒಂದೆರಡು ಹವಳ ಇರುವ ಸಣ್ಣ ಟ್ಯಾಂಕಿಗೆ ನಮ್ಮ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಫಾಸ್ಫೇಟ್ ಉಪಾಯವಿಲ್ಲ.

ಸಣ್ಣ ಬಾಯಿಯ ಹವಳಗಳು

ಗೋರ್ಗೋನಿಯನ್, ಚಿಲಿ ಕೋರಲ್‌ಗಳಿಗೆ ಆಹಾರದ ಗಾತ್ರ ಹೊಂದಬೇಕು: ರೋಟಿಫರ್ ಎಂಬ ಸೂಕ್ಷ್ಮ ಜೀವಿ 100–300 ಮೈಕ್ರಾನ್, ಆಗಷ್ಟೇ ಒಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಮರಿ 400–500, ಜೊತೆಗೆ ಸೈಕ್ಲಾಪ್ಸ್, ಸಿಂಪಿ ಮೊಟ್ಟೆ. ಒಮ್ಮೆಗೆ ಹೆಚ್ಚು ಸುರಿಯುವುದಕ್ಕಿಂತ ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಿ. ಉಣಿಸುವಾಗ ಸ್ಕಿಮ್ಮರ್ ಮತ್ತು ಸಂಪಿನಿಂದ ನೀರು ಮೇಲೆತ್ತುವ ರಿಟರ್ನ್ ಪಂಪ್ 30–60 ನಿಮಿಷ ನಿಲ್ಲಲಿ, ಟ್ಯಾಂಕಿನೊಳಗಿನ ಹರಿವು ಮಾತ್ರ ನಡೆಯಲಿ. ಹರಿವಿಲ್ಲದೆ ಇವು ಹಿಡಿಯುವುದಿಲ್ಲ.

ಆರ್ಟೀಮಿಯಾ ಮರಿ ಮಾಡಲು ಒಂದು ಲೀಟರ್ ನೀರಿಗೆ 25–30 ಗ್ರಾಂ ಉಪ್ಪು, 1–2 ಗ್ರಾಂ ಮೊಟ್ಟೆ, 27–28 ಡಿಗ್ರಿ, ಜೋರು ಗಾಳಿ, ಬೆಳಕು. 18–24 ಗಂಟೆಯಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ, ಮರಿ ಕೆಳಗೆ. ಕೆಳಗಿನಿಂದ ಎಳೆದು 120 ಮೈಕ್ರಾನ್ ಜಾಲರಿಯಲ್ಲಿ ತೊಳೆದು ಕೂಡಲೇ ಹಾಕಿ. ಹೊತ್ತು ಹೋದಷ್ಟೂ ಅವು ತಮ್ಮದೇ ಹಳದಿಯನ್ನು ಕರಗಿಸಿಕೊಂಡು ಸಪ್ಪೆಯಾಗುತ್ತವೆ. ಅರ್ಧ ದಿನದ ನಂತರ ಬಾಯಿ ತೆರೆಯುವ ಮರಿಗಳಿಗೆ ಪ್ಲಾಂಕ್ಟನ್ ಉಣಿಸಿ ಮತ್ತೆ ಸತ್ವ ತುಂಬಬಹುದು.

ನಿರಂತರ ಉಣಿಸಲು ಬಯಸುವವರು ಸಸ್ಯ ಪ್ಲಾಂಕ್ಟನ್ ಬಾಟಲಿಯನ್ನು 4 ಡಿಗ್ರಿಯ ಸಣ್ಣ ಫ್ರಿಜ್‌ನಲ್ಲಿ ಕಲಕುವ ಯಂತ್ರದ ಮೇಲಿಟ್ಟು ಡೋಸಿಂಗ್ ಪಂಪಿನಿಂದ ಗಂಟೆಗೊಮ್ಮೆ ಹನಿಸಬೇಕು. ಫ್ರಿಜ್‌ನಿಂದ ಹೊರಬಂದ ಕೊಳವೆಯಲ್ಲಿ ನಿಂತ ಆಹಾರ ಒಂದೇ ದಿನದಲ್ಲಿ ಹಳಸುತ್ತದೆ. ಆ ಕೊಳವೆ ಚಿಕ್ಕದಾಗಿರಲಿ, ವಾರಕ್ಕೊಮ್ಮೆ ಬದಲಿಸಿ. ಈ ಒಂದು ಕೊಳವೆಯನ್ನು ಮರೆತದ್ದರಿಂದಲೇ ಟ್ಯಾಂಕ್ ಗಬ್ಬೆದ್ದ ಪ್ರಸಂಗಗಳು ಬಹಳ.

ಹೊರಹಾಕುವ ದಾರಿಗಳು, ಅವುಗಳ ಅಪಾಯ

ಉಣಿಸಿದ ಎರಡು ಗಂಟೆಯ ನಂತರ ದೊಡ್ಡ ಪಿಪೆಟ್ಟಿನಿಂದ ಕಲ್ಲಿನ ಸಂದಿಗಳನ್ನು ಊದಿ ಕೆಸರೆಬ್ಬಿಸಿ, ಸ್ಕಿಮ್ಮರ್ ಮತ್ತು ಚೀಲ ಹಿಡಿಯಲಿ. ಕರಗುವ ಮುನ್ನ ತೆಗೆದದ್ದೇ ಲಾಭ. ಉಳಿದ ದಾರಿಗಳೆಲ್ಲ ಕರಗಿದ್ದರ ಹಿಂದೆ ಓಡುವಂಥವು.

ಕೀಟೋಮಾರ್ಫಾವನ್ನು ವಾರಕ್ಕೆ ಮೂರನೇ ಒಂದು ಭಾಗ ಕಿತ್ತು ಎಸೆಯಿರಿ. ಕೀಳದೆ ಬಿಟ್ಟರೆ ಒಳಭಾಗಕ್ಕೆ ಬೆಳಕಿಲ್ಲದೆ ಕೊಳೆತು ಎಲ್ಲವನ್ನೂ ವಾಪಸ್ ಕೊಡುತ್ತದೆ. ನೈಟ್ರೇಟ್ ಸೊನ್ನೆಯಾದರೆ ಅದು ಬೆಳೆಯುವುದೇ ನಿಲ್ಲುತ್ತದೆ, ಆಗ ಫಾಸ್ಫೇಟ್ ಮಾತ್ರ ಏರುತ್ತಾ ಹೋಗುತ್ತದೆ. ಸೊನ್ನೆ ಬೇಡ ಎಂದದ್ದು ಇದಕ್ಕೂ.

ಕಬ್ಬಿಣದ ಆಕ್ಸೈಡ್ ಹರಳು, ಜಿಎಫ್‌ಒ, 250 ಲೀಟರಿಗೆ 50 ಗ್ರಾಂನಿಂದ ಶುರು ಮಾಡಿ ರಿಯಾಕ್ಟರಿನಲ್ಲಿ ಹಾಕಿ. ಮೊದಲು ಬರುವ ಕಂದು ನೀರನ್ನು ಬಕೆಟ್ಟಿಗೆ ತೊಳೆದುಬಿಡಿ. ಮೂರು-ನಾಲ್ಕು ವಾರಕ್ಕೆ ತೀರುತ್ತದೆ. ಕ್ಯಾಲೆಂಡರ್ ನೋಡಬೇಡಿ, ಅಂಕಿ ಮತ್ತೆ ಏರತೊಡಗಿದಾಗ ಬದಲಿಸಿ. ಹಳೆಯ ಕಲ್ಲುಗಳು ವರ್ಷಗಟ್ಟಲೆ ಹೀರಿಕೊಂಡ ಫಾಸ್ಫೇಟನ್ನು ಬಿಡುತ್ತಲೇ ಇರುವುದರಿಂದ ಮೊದಲ ಕೆಲವು ಸುತ್ತು ಏನೂ ಬದಲಾಗದಂತೆ ಕಾಣಬಹುದು.

ಲ್ಯಾಂಥನಂ ಕ್ಲೋರೈಡ್ ಶಕ್ತಿಶಾಲಿ, ಅಗ್ಗ. ಅದು ಫಾಸ್ಫೇಟನ್ನು ಬಿಳಿ ಪುಡಿಯಾಗಿ ಇಳಿಸುತ್ತದೆ, ಆ ಪುಡಿ ಮೀನಿನ ಕಿವಿರಿಗೆ ಕೂರುತ್ತದೆ. ಟ್ಯಾಂಗ್ ಮೀನುಗಳಿಗೆ ವಿಶೇಷವಾಗಿ ಕೆಟ್ಟದ್ದು. 5 ಮೈಕ್ರಾನ್ ಚೀಲದೊಳಗೆ ಗಂಟೆಗಟ್ಟಲೆ ಹನಿಸಲು ತಿಳಿದವರಿಗೆ ಮಾತ್ರ.

ಇಂಗಾಲದ ಡೋಸಿಂಗ್, ಅಂದರೆ ವಿನೆಗರ್ ಹಾಕಿ ಬ್ಯಾಕ್ಟೀರಿಯಾ ಬೆಳೆಸುವುದು, ಈ ಟ್ಯಾಂಕುಗಳಿಗೆ ಚೆನ್ನಾಗಿ ಹೊಂದುತ್ತದೆ. ಬೆಳೆದ ಬ್ಯಾಕ್ಟೀರಿಯಾ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಮೈಗೆ ಕಟ್ಟಿಕೊಳ್ಳುತ್ತವೆ, ಸ್ಕಿಮ್ಮರ್ ಅವನ್ನು ಹೊರಗೆಳೆಯುತ್ತದೆ. ಬಣ್ಣವಿಲ್ಲದ, 5 ಶೇಕಡಾ ಬಿಳಿ ವಿನೆಗರ್ ಬಳಸಿ. 250 ಲೀಟರಿಗೆ ಮೊದಲ ಮೂರು ದಿನ ದಿನಕ್ಕೆ 2 ಮಿ.ಲೀ., ನಂತರ ವಾರದ ಕೊನೆಯವರೆಗೆ 4 ಮಿ.ಲೀ., ಆಮೇಲೆ ದಿನದ ಪ್ರಮಾಣವನ್ನು ವಾರಕ್ಕೊಮ್ಮೆ 4 ಮಿ.ಲೀ.ನಂತೆ ಏರಿಸಿ. ನೈಟ್ರೇಟ್ ಇಳಿಯತೊಡಗಿದ ಕೂಡಲೇ ಏರಿಕೆ ನಿಲ್ಲಿಸಿ. ಗುರಿ ಮುಟ್ಟಿದಾಗ ಅರ್ಧಕ್ಕೆ ಇಳಿಸಿ. ವೋಡ್ಕಾ ಬಳಸುವವರಿಗೆ 40 ಶೇಕಡಾದ 1 ಮಿ.ಲೀ. ಸುಮಾರು 8 ಮಿ.ಲೀ. ವಿನೆಗರಿಗೆ ಸಮ. ಅವಸರದಲ್ಲಿ ಹೆಚ್ಚು ಹಾಕಿದರೆ ನೀರು ಹಾಲಿನಂತೆ ಮಬ್ಬಾಗಿ ರಾತ್ರಿ ಆಮ್ಲಜನಕ ಮುಗಿಯುತ್ತದೆ. ಆಗ ವಿನೆಗರ್ ನಿಲ್ಲಿಸಿ, ಗಾಳಿಕಲ್ಲು ಹಾಕಿ, ಸ್ಕಿಮ್ಮರ್ ಪೂರ್ತಿ ತೆರೆಯಿರಿ. ಸ್ಕಿಮ್ಮರ್ ಇಲ್ಲದ ಟ್ಯಾಂಕಿಗೆ ಇದು ಬೇಡವೇ ಬೇಡ.

ಬ್ಯಾಕ್ಟೀರಿಯಾ, ಪಾಚಿಗಳು ನೈಟ್ರೇಟ್ ಮತ್ತು ಫಾಸ್ಫೇಟನ್ನು ಸುಮಾರು ಒಂದು ನಿಗದಿತ ಪ್ರಮಾಣದಲ್ಲಿ ಎತ್ತುತ್ತವೆ. ಸಮುದ್ರ ಪ್ಲಾಂಕ್ಟನ್ನಿನ ರೆಡ್‌ಫೀಲ್ಡ್ ಅನುಪಾತ, 106 ಇಂಗಾಲಕ್ಕೆ 16 ನೈಟ್ರೋಜನ್, 1 ಫಾಸ್ಫರಸ್, ತೂಕಕ್ಕೆ ತಿರುಗಿಸಿದರೆ 10 ಪಿಪಿಎಂ ನೈಟ್ರೇಟಿಗೆ ಸುಮಾರು 1 ಪಿಪಿಎಂ ಫಾಸ್ಫೇಟ್. ಕಲ್ಲುಗಳು ನೈಟ್ರೇಟನ್ನು ಬೇರೆಯಾಗಿ ಅನಿಲ ಮಾಡಿ ಕಳೆಯುತ್ತಿರುವುದರಿಂದ ಕೊನೆಗೆ ನೈಟ್ರೇಟ್ ಮೊದಲು ಮುಗಿದು ಫಾಸ್ಫೇಟ್ ಒಂಟಿಯಾಗಿ ನಿಲ್ಲುವುದು ಸಾಮಾನ್ಯ. ಕೆಂಪು ಸಯನೋ ಪದರ ಹರಡುವುದು ಹೆಚ್ಚಾಗಿ ಈ ಘಟ್ಟದಲ್ಲಿ. ಅದಕ್ಕೆ ಮದ್ದು ಇನ್ನಷ್ಟು ವಿನೆಗರ್ ಅಲ್ಲ. ವಿನೆಗರ್ ಇಳಿಸಿ, ಸ್ವಲ್ಪ ಜಿಎಫ್‌ಒ ಸೇರಿಸಿ.

ಕೆಟ್ಟಾಗ ಎಲ್ಲಿ ನೋಡಬೇಕು

ಪಾಲಿಪ್‌ಗಳ ನಡುವೆ ಮಾಂಸ ಹಿಂಜರಿಯುತ್ತಿದೆ, ಅಂಕಿಗಳೆಲ್ಲ ಚೆನ್ನಾಗಿವೆ: ಊಟ ಸಾಲದು. ಅಂಕಿ ಚೆನ್ನಾಗಿರುವುದೇ ಇಲ್ಲಿ ಸುಳಿವು. ದಿನಾ ಉಣಿಸಿ, ಪ್ರತಿ ಬಾಯಿಗೂ. ಹೊಸ ಮಾಂಸ ಮತ್ತೆ ಅಸ್ಥಿಯ ಮೇಲೆ ಹರಡಲು ತಿಂಗಳುಗಳು ಬೇಕು.

ಚೆನ್ನಾಗಿ ತಿನ್ನುತ್ತಿದ್ದದ್ದು ದಿಢೀರನೆ ಮುಚ್ಚಿತು: ಮೊದಲು ಟಾರ್ಚ್ ಹಿಡಿದು ಹಳದಿ ಬಸವನಹುಳು ಹುಡುಕಿ. ನಂತರ ಉಪ್ಪಿನಂಶ, ಉಷ್ಣತೆ.

ಗೋರ್ಗೋನಿಯನ್ ತುದಿ ಕಪ್ಪಾಗಿ ಬರಿದಾದರೆ ಆರೋಗ್ಯದ ಮಾಂಸ ಒಂದು ಸೆಂಟಿಮೀಟರ್ ಸೇರಿಸಿ ಕತ್ತರಿಸಿ. ಬಿಟ್ಟರೆ ಪಾಚಿ ಅಲ್ಲಿ ಕೂತು ಕೆಳಗಿಳಿಯುತ್ತದೆ. ಮೈಮೇಲೆ ಮೇಣದಂಥ ಪೊರೆ ಕಟ್ಟಿ ಕೆಲವು ದಿನ ಮುಚ್ಚಿಕೊಂಡರೆ ಗಾಬರಿ ಬೇಡ, ಪೊರೆ ಕಳಚುವುದು ಅದರ ಸ್ವಭಾವ. ಹರಿವು ಸ್ವಲ್ಪ ಹೆಚ್ಚಿಸಿ. ಎರಡು ವಾರ ಕಳೆದರೂ ತೆರೆಯದಿದ್ದರೆ ಮಾತ್ರ ಕಾರಣ ಹುಡುಕಿ.

ಕಂದು ಲೋಳೆ ಹರಡುತ್ತಿದ್ದರೆ ಹವಳವನ್ನು ಬೇರೆ ಡಬ್ಬಕ್ಕೆ ತೆಗೆದು ಲೋಳೆಯನ್ನು ಪಿಪೆಟ್ಟಿನಿಂದ ಹೀರಿ, ಕೆಟ್ಟ ಭಾಗ ಕತ್ತರಿಸಿ, ಅಯೋಡಿನ್ ಡಿಪ್ ಕೊಡಿ. ಟ್ಯಾಂಕಿನೊಳಗೇ ಊದಿದರೆ ಲೋಳೆ ಉಳಿದವಕ್ಕೂ ತಾಗುತ್ತದೆ.

ಕರೆಂಟ್ ಹೋದಾಗ ಈ ಟ್ಯಾಂಕಿಗೆ ಸಮಯ ಕಡಿಮೆ. ಆಹಾರ ಹೆಚ್ಚಿರುವ ನೀರಿನಲ್ಲಿ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಬೇಗ ಮುಗಿಸುತ್ತವೆ. ಬ್ಯಾಟರಿಯ ಏರ್ ಪಂಪ್ ಸದಾ ಸಿದ್ಧವಿರಲಿ. ಯುಪಿಎಸ್ ಇದ್ದರೆ ಅದಕ್ಕೆ ಮೊದಲು ಒಂದು ಹರಿವಿನ ಪಂಪ್ ಕೊಡಿ, ದೀಪವನ್ನಲ್ಲ. ಕರೆಂಟ್ ಬರುವವರೆಗೆ ಉಣಿಸಬೇಡಿ.

ಎಲ್ಲ ಸರಿಯಿದ್ದರೆ ಕೆಲವು ತಿಂಗಳಲ್ಲಿ ಗಾಜಿನ ಮೇಲೆ, ಪಂಪಿನ ಪಕ್ಕದಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಕಾಣಬಹುದು. ಅವು ಸನ್ ಕೋರಲ್‌ನ ಮರಿಗಳು. ಬ್ಲೇಡಿನಿಂದ ಕೆರೆಯುವ ಮುನ್ನ ನೋಡಿಕೊಳ್ಳಿ. ಹೆಚ್ಚಾದವನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಿ, ಸಮುದ್ರಕ್ಕಂತೂ ಬಿಡಬೇಡಿ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕಡೆಯ ಟ್ಯೂಬಾಸ್ಟ್ರಿಯಾ ಕಾಕ್ಸಿನಿಯಾ 1940ರ ದಶಕದಲ್ಲಿ ಕೆರಿಬಿಯನ್‌ಗೆ, 1980ರ ದಶಕದಲ್ಲಿ ಬ್ರೆಜಿಲ್ ಕರಾವಳಿಗೆ ತಲುಪಿ, ಇಂದು ಅಲ್ಲಿನ ಬಂಡೆಗಳಲ್ಲೂ ತೈಲ ವೇದಿಕೆಗಳ ಕಾಲುಗಳಲ್ಲೂ ಸ್ಥಳೀಯ ಜೀವಿಗಳಿಗೆ ಜಾಗ ಬಿಡದೆ ಹಬ್ಬಿದೆ. ಕೆರೆದು ತೆಗೆದ ಚೂರುಗಳನ್ನು ಸಿಹಿನೀರಿನಲ್ಲಿ ಒಂದು ದಿನ ನೆನೆಸಿ ಸಾಯಿಸಿಯೇ ಕಸಕ್ಕೆ ಹಾಕಿ.